ಕೆನ್ನೆ ಇಡು

ಮತ್ತೆ ವಾಲಿತು, ಎರಡೇ ಬೆರಳಿನಷ್ಟು, ಅಫ್ರೀನಳ ತಲೆ ರೈಫಲ್ಲಿನ ಮರದ ಮೇಲಿಂದ ಆಚೆಗೆ ವಾಲಿ ಎಡಗಣ್ಣು ಗುರಿಕಿಂಡಿಯ ಹಿಂದೆ ಬಂದು ನಿಂತಿತು, ನನ್ನ ಕೈ ಆಗಲೇ ಮೇಲೆದ್ದಿದೆ, ತಲೆಯನ್ನು ಈಚೆಗೆ ಎಳೆದು ಕೆನ್ನೆಯನ್ನು ಮರಕ್ಕೆ ಅಮುಕಲಿಕ್ಕೆ, ಹದಿನೆಂಟು ವರ್ಷದ ಅಭ್ಯಾಸ, ಇಳಿಸು ಭಾಗ್ಯಮ್ಮ, ಆ ಕೈ ಇಳಿಸು — ಎಂಟನೇ ಕ್ಲಾಸಿನ ಮಗು, ನಮ್ಮ ಸ್ಕೂಲಿನ ತಗಡಿನ ಶೆಡ್ಡಿಗೆ ಬಂದು ಮೂರೇ ದಿನ, ಹೊರಗೆ ಹುಣಸೂರಿನ ಬಸ್ಸುಗಳು ಹಾರನ್ನು ಹೊಡೆದುಕೊಂಡು ಸಾಯುತ್ತಿವೆ, ಇವಳು ಉಸಿರು ಹಿಡಿದು ನಿಂತಿದ್ದಾಳೆ, ಬಲಗೈಯವಳು, ಎಡಗಣ್ಣಿನವಳು, ನನಗೆ ಈಗ ಗೊತ್ತು, ಇಂಥದ್ದೊಂದು ಇದೆ ಎಂದು ಹೋದ ವಾರದಿಂದ ಗೊತ್ತು, ಮೈಸೂರಿನ ತರಬೇತಿಯಲ್ಲಿ ನನ್ನ ಮಗನ ವಯಸ್ಸಿನ ಕೋಚು ಹೇಳಿದ, ಎರಡೂ ಅಂಗೈ ಚಾಚಿ ಸೇರಿಸಿ ನಡುವೆ ಚಿಕ್ಕ ಕಿಂಡಿ ಬಿಡಿ ಮೇಡಂ, ಅದರಲ್ಲಿ ಗೋಡೆ ಗಡಿಯಾರ ನೋಡಿ, ಈಗ ಒಂದೊಂದೇ ಕಣ್ಣು ಮುಚ್ಚಿ, ಯಾವುದನ್ನು ಮುಚ್ಚಿದಾಗ ಗಡಿಯಾರ ಮಾಯವಾಗುತ್ತದೋ ಅದೇ ಯಜಮಾನ ಕಣ್ಣು, ಬಲಗೈಯವರಿಗೆ ಎಡಗಣ್ಣು ಯಜಮಾನನಾಗಿದ್ದರೆ ಅದರ ಮುಂದೆ ಒಂದು ಮಬ್ಬು ಪಟ್ಟಿ ಅಂಟಿಸಿ, ಇಲ್ಲವೇ ಬಂದೂಕನ್ನು ಎಡ ಹೆಗಲಿಗೆ ಕೊಡಿ, ಅಷ್ಟೇ. ಅಷ್ಟೇ ಅಂತೆ. ಅರ್ಧ ನಿಮಿಷದ ಕೆಲಸ. ಮಿಕ್ಕ ಮೇಷ್ಟ್ರುಗಳೆಲ್ಲ ಕಣ್ಣು ಮುಚ್ಚಿ ತೆರೆದು ನಗಾಡುತ್ತಿದ್ದರು, ನನಗೆ ಆ ಕಿಂಡಿಯಲ್ಲಿ ಗಡಿಯಾರ ಕಾಣಲಿಲ್ಲ, ಒಂದು ಬಲಗೆನ್ನೆ ಕಂಡಿತು, ಅದರ ಮೇಲೆ ಮರದ ಅಂಚು ಒತ್ತಿ ಮೂಡಿದ ಕೆಂಪು ಗೆರೆ, ಸ್ಪಂದನಾಳ ಕೆನ್ನೆ.

ನನ್ನ ಹಳೇ ಶಿಷ್ಯೆ, ಕಂಪಲಾಪುರದಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು, ಎರಡು ವರ್ಷ, ಒಂದು ದಿನ ತಪ್ಪಿಸಲಿಲ್ಲ, ಮೊದಲ ವಾರವೇ ಹೇಳಿದ್ದಳಲ್ಲ, ಮೇಡಂ, ಎಲ್ಡೆಲ್ಡು ಗುರಿ ಕಾಣ್ತದೆ, ಯಾವ್ದುಕ್ಕೆ ಒಡೀಲಿ — ನಾನೇನಂದೆ, ನಾಟಕ ಆಡಬೇಡ, ರಾತ್ರಿ ಮೊಬೈಲು ನೋಡೋದು ಬಿಡು ಅಂದೆ, ಅವಳ ಮನೆಯಲ್ಲಿ ಆಗ ಮೊಬೈಲೇ ಇರಲಿಲ್ಲ. ತಲೆ ವಾಲಿದಾಗೆಲ್ಲ ಎಳೆದು ಅಮುಕಿದೆ, ಕೆನ್ನೆ ಇಡು, ಕೆನ್ನೆ ಇಡು, ದಿನಕ್ಕೆ ನಲವತ್ತು ಸಲ, ನನಗೆ ಕಂಡಂತೆಯೇ ಎಲ್ಲರಿಗೂ ಕಾಣುತ್ತದೆ ಅಂದುಕೊಂಡಿದ್ದೆ, ಎಂಥ ಕೊಬ್ಬು ನನ್ನದು, ಅವಳು ಒಂದು ದಿನವೂ ಎದುರಾಡಲಿಲ್ಲ, ಗೆರೆಯನ್ನು ಉಜ್ಜಿಕೊಂಡು ಮತ್ತೆ ಬಂದು ನಿಲ್ಲುತ್ತಿದ್ದಳು. ಜಿಲ್ಲಾ ಆಯ್ಕೆಯ ದಿನ ಕೆನ್ನೆ ಇಟ್ಟೇ ಹೊಡೆದಳು, ಕತ್ತು ಸರಿಯಾಗಿ ನೆಟ್ಟಗಿತ್ತು, ಗುಂಡು ಪಕ್ಕದ ಹುಡುಗಿಯ ಗುರಿ ಕಾರ್ಡಿಗೆ ಬಿತ್ತು, ಸೇರಿದ್ದವರೆಲ್ಲ ನಕ್ಕರು, ಬಸ್ಸಿನಲ್ಲಿ ನಾನು ಅವಳ ಮುಖವನ್ನೂ ನೋಡದೆ ಅಂದೆ, ನಿನ್ನ ಹಿಂದೆ ಎರಡು ವರ್ಷ ಹಾಳುಮಾಡಿಕೊಂಡೆ. ಮಾರನೆಯ ದಿನದಿಂದ ಅವಳು ಬರಲಿಲ್ಲ, ನಾನೂ ಹೋಗಿ ಕರೆಯಲಿಲ್ಲ.

ಮೊನ್ನೆ ಭಾನುವಾರ ಹೋದೆ, ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡೇ ಹೋದೆ, ಕೈಯಲ್ಲಿ ನೆಪಕ್ಕೊಂದು ಬ್ಲೌಸ್ ಪೀಸು, ಕಂಪಲಾಪುರದಲ್ಲಿ ಅಫ್ರೀನಳ ಅಪ್ಪ ಸರ್ದಾರ್ ಪಾಷಾನ ಮರಗೆಲಸದ ಅಂಗಡಿ, ಅದರ ಪಕ್ಕದಲ್ಲಿ ಅವಳ ಹೊಲಿಗೆ ಮಿಷನ್ನು, ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆ ಎರಡು ಬೆರಳಿನಷ್ಟು ವಾಲಿತು, ಎಡಗಣ್ಣು, ದಾರ ಒಂದೇ ಸಲಕ್ಕೆ ಒಳಗೆ ಹೋಯಿತು. ನನ್ನನ್ನು ನೋಡಿ ಎದ್ದು ನಿಂತಳು, ಕೂತ್ಕಳಿ ಮೇಡಂ, ಟೀ ತರಿಸ್ತೀನಿ, ನಂಗೆ ಕತ್ತು ನೆಟ್ಟಗಿಡಕ್ಕೇ ಬರ್ನಿಲ್ಲ ಬುಡಿ, ನಿಮ್ಮೆಸ್ರು ಕೆಡಿಸ್ಬುಟ್ಟೆ, ಅಂದಳು, ನಗುನಗುತ್ತಲೇ ಅಂದಳು. ಹದಿನೆಂಟು ವಯಸ್ಸು, ಜೂನಿಯರ್ ವಿಭಾಗಕ್ಕೆ ಇನ್ನೂ ಕಾಲ ಇದೆ, ಕರೆದರೆ ಬಂದಾಳು, ತಪ್ಪು ನಿನ್ನದಲ್ಲ ಕಣೇ, ಇಷ್ಟೇ ಹೇಳಬೇಕಿತ್ತು, ಬಾಯಿ ತೆರೆದೆ — ಬ್ಲೌಸಿನ ತೋಳು ಸ್ವಲ್ಪ ಸಡಿಲ ಇರಲಿ, ಅಂದು ಬಂದೆ. ನಾಚಿಕೆಯಾಗಬೇಕು. ಪಕ್ಕದ ಅಂಗಡಿಯಲ್ಲಿ ನಿಂತು ಅಫ್ರೀನಳ ಅಪ್ಪನಿಗೆ ಮಾತ್ರ ಎಲ್ಲ ಹೇಳಿದೆ, ನಿಮ್ಮ ಮಗಳದು ಎಡಗಣ್ಣು ಇರಬಹುದು, ನಮ್ಮ ರೈಫಲ್ಲಿನ ಮರ ಬಲಗೈಯವರದು ಎಂದೆ, ಸರ್ದಾರ್ ಪಾಷಾ ಕೀಸುಳಿ ಕೆಳಗಿಟ್ಟು ನನ್ನನ್ನೇ ನೋಡಿದ, ಮರ ತಾನೇ ಮೇಡಂ, ಆ ಕಡೀಗೆ ಕೆತ್ತಿ ಕೊಡ್ತೀನಿ, ಅದುಕ್ಕೋಸ್ಕರ ಮಗೀನ ಕತ್ತು ಯಾಕೆ ತಿರುಗಿಸ್ಬೇಕು.

ಯಾಕೆ ತಿರುಗಿಸಬೇಕಿತ್ತು — ಅರೆ, ಏನು ಮಾಡುತ್ತಿದ್ದಾಳೆ ಇವಳು, ನನ್ನ ಕೈ ಜೇಬಿನಲ್ಲೇ ಇದೆ, ಮುಟ್ಟಿಲ್ಲ, ನಾನು ಮುಟ್ಟಿಲ್ಲ, ಅಫ್ರೀನಳ ತಲೆ ತಾನೇ ಈಚೆಗೆ ಬಂತು, ತಾನೇ ಕೆನ್ನೆಯನ್ನು ಮರಕ್ಕೆ ಒತ್ತಿಕೊಂಡಳು, ಕಣ್ಣಲ್ಲಿ ನೀರು ಬರುವಷ್ಟು, ಯಾರೇ ಹೇಳಿದ್ದು ನಿನಗೆ ಹಾಗೆ ಒತ್ತಿಕೊಳ್ಳೋಕೆ ಅಂದೆ, ಸ್ಪಂದನಕ್ಕ ಮೇಡಂ, ದಿನಾ ಸಂಜೆ ಅವ್ರ ಅಂಗ್ಡೀಲಿ ಹೇಳ್ಕೊಡ್ತಾರೆ, ಮೇಡಂ ಬಂದು ಅಮುಕೋಕ್ಕೆ ಮುಂಚೆ ನೀನೇ ಅಮುಕ್ಕೊಬುಡು, ನನ್ನಂಗೆ ಆಗ್ಬೇಡ ಅಂದವ್ರೆ. ರೈಫಲ್ ಕೆಳಗಿಡು, ಅಂದೆ, ಫೋನು ತೆಗೆದೆ, ರಿಂಗಾಗುತ್ತಿದೆ, ಎತ್ತಿದಳು, ಹಿಂದೆ ಮಿಷನ್ನಿನ ಸದ್ದು, ಬ್ಲೌಸು ನಾಳೀಕೆ ಕೊಡ್ತೀನಿ ಮೇಡಂ, ಬ್ಲೌಸಲ್ಲ ಸ್ಪಂದನಾ, ನಿನಗೆ ಎರಡು ಕಾಣುತ್ತಿದ್ದದ್ದು ನಿಜ, ನಿನ್ನ ಕತ್ತು ಸರಿಯಾಗಿಯೇ ವಾಲುತ್ತಿತ್ತು, ಹಾಳುಮಾಡಿದವಳು ನಾನು — ಮಿಷನ್ನು ನಿಂತಿತು, ಮಾತಾಡೇ, ಬೈಯೇ, ಏನಾದರೂ ಅನ್ನೇ, ಅಫ್ರೀನ್ ಬೈಗುಳಕ್ಕೆ ಕಾದು ನನ್ನ ಕಡೆ ತಿರುಗಿದ್ದಾಳೆ, ಬಲಗೆನ್ನೆ, ಅದರ ಮೇಲೆ, ಮೂರೇ ದಿನಕ್ಕೆ, ಆ ಕೆಂಪು ಗೆರೆ.