ಹುಣಸೇಕಟ್ಟೆಯ ಅರವಟ್ಟಿಗೆ

ಕುಣಿಗಲ್ಲಿನಿಂದ ಅಮೃತೂರಿಗೆ ಹೋಗುವ ದಾರಿಯಲ್ಲಿ ಹುಣಸೇಕಟ್ಟೆ ಅಂತ ಒಂದು ಸ್ಟಾಪು. ಅಲ್ಲಿ ಬಸ್ಸಿಳಿದವರಿಗೆಲ್ಲ ಬೇಸಿಗೆಯಲ್ಲಿ ಮಜ್ಜಿಗೆ ಕೊಡುತ್ತಿದ್ದ ಕಾಲ ನೆನಪಾದರೆ ಸರ್ವಮಂಗಳಮ್ಮನಿಗೆ ಹೊಟ್ಟೆ ಉರಿಯುತ್ತದೆ. ಸಿಟ್ಟು ಬೇರೆ ಯಾರ ಮೇಲೂ ಅಲ್ಲ, ತನ್ನ ಮೇಲೆಯೇ.

ಅಯ್ಯೋ, ಎಂಥಾ ಅರವಟ್ಟಿಗೆ ಅದು! ಅತ್ತೆ ಗಂಗಾಂಬಿಕೆ ಶುರು ಮಾಡಿದ್ದು. ಶಿವರಾತ್ರಿಯ ಮಾರನೇ ದಿನ ತೆಂಗಿನ ಗರಿಯ ಚಪ್ಪರ ಎದ್ದರೆ ಮೊದಲ ಮಳೆಯವರೆಗೂ ಇರುತ್ತಿತ್ತು. ಏಳು ಮನೆಗಳಿಗೆ ವಾರದ ಏಳು ದಿನ ಸರದಿ. ಯಾವೂರು, ಯಾರ ಪೈಕಿ ಅಂತ ಕೇಳುವ ಹಾಗಿಲ್ಲ, ಎಲ್ಲರಿಗೂ ಅದೇ ಹಿತ್ತಾಳೆ ಲೋಟ. "ನಿಮ್ ಮಜ್ಜಿಗೆಲಿ ಮುಖ ನೋಡ್ಕಬೋದು ಕಣಕ್ಕಾ" ಅಂತ ಪಕ್ಕದ ಮನೆ ಹೊಂಬಾಳಮ್ಮ ಅಣಕಿಸುತ್ತಿದ್ದಳು. "ನಿನ್ ಪಾನಕಕ್ಕೆ ಇರುವೆನೂ ಬರಕಿಲ್ಲ, ಸುಮ್ನಿರೇ" ಅಂತ ಈಕೆ. ಹೀಗೆ ಜಗಳವಾಡುತ್ತಲೇ ಇಬ್ಬರೂ ಮುಂದಿನ ಸಲ ಇನ್ನಷ್ಟು ಚೆನ್ನಾಗಿ ಮಾಡುತ್ತಿದ್ದರು.

ಗಂಡ ಚನ್ನಬಸವಯ್ಯ ಇರುವವರೆಗೂ ಪಂಚಾಯ್ತಿಯವರನ್ನು ಚಪ್ಪರದ ಹತ್ತಿರ ಸೇರಿಸಲಿಲ್ಲ. "ಸರ್ಕಾರ ಕಳ್ಳನ್ನ ಹಿಡೀಲಿ, ಬೇಲಿ ಜಗಳ ಬಗೆಹರಿಸ್ಲಿ, ರಸ್ತೆಗೆ ಟಾರ್ ಹಾಕ್ಲಿ. ಮನೆ ಕಾಯಕ್ಕೆ ಇಟ್ಕಂಡವನು ಅಡುಗೆ ಮನೆಗೇ ಬಂದು ಸೌಟು ಹಿಡ್ಕಂಡ್ರೆ ಹೆಂಗಯ್ಯಾ?" ಅನ್ನುತ್ತಿದ್ದರು. ಜನ ನಗುತ್ತಿದ್ದರು.

ಗಂಡ ತೀರಿಹೋದ ಮೇಲೆ ಮಂಗಳಮ್ಮನಿಗೆ ಮಂಡಿನೋವು, ಜೊತೆಗೆ ಒಂದು ಹೆದರಿಕೆ. ನಾನು ಬಿದ್ದರೆ ಅತ್ತೆಯ ಕೆಲಸ ನಿಂತುಹೋದೀತು, ಪಂಚಾಯ್ತಿ ವಹಿಸಿಕೊಂಡರೆ ಶಾಶ್ವತವಾಗಿ ನಡೆದೀತು. ಹಾಗಂದುಕೊಂಡು ತಾನೇ ಅರ್ಜಿ ಬರೆದುಕೊಟ್ಟಳು. ಮಾಡಿದ್ದುಣ್ಣೋ ಮಹರಾಯ!

ಚಪ್ಪರ ಹೋಗಿ ತಗಡಿನ ಶೆಡ್ಡು ಬಂತು, ಶುದ್ಧ ನೀರಿನ ಮಿಷನ್ನು ಬಂತು, ಫೋಟೋ ಇರುವ ಬೋರ್ಡು ಬಂತು. ನೀರು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಸ್ಟಾಪಿನಲ್ಲಿ ಬೇರೆ ಯಾರೂ ನೀರು, ಮಜ್ಜಿಗೆ ಹಂಚಕೂಡದು, ಕಾಯಿಲೆ ಬಂದರೆ ಯಾರು ಹೊಣೆ ಅಂತ ಒಂದು ನೋಟೀಸೂ ಬಂತು. ಏಳು ಮನೆಯವರೂ ಕೊಡಪಾನ ಅಟ್ಟಕ್ಕೇರಿಸಿದರು. ಒಂದೇ ವರ್ಷಕ್ಕೆ ಹೊಂಬಾಳಮ್ಮನ ಜೊತೆ ಮಾತೂ ಕಮ್ಮಿಯಾಯಿತು. ಜಗಳಕ್ಕೆ ಕಾರಣವೇ ಇಲ್ಲವಲ್ಲ!

ಈ ಬೇಸಿಗೆ ಆ ಮಿಷನ್ನಿನ ಮೋಟಾರು ಸುಟ್ಟುಹೋಯಿತು. ಹನ್ನೆರಡು ದಿನವಾದರೂ ರಿಪೇರಿಯಿಲ್ಲ.

ಅವತ್ತು ಮಧ್ಯಾಹ್ನ ಮಂಗಳಮ್ಮ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಬಸ್ಸು ಕಾಯುತ್ತಿದ್ದ ಒಬ್ಬ ಹೆಂಗಸು ಬಿಸಿಲಲ್ಲಿ ಬೆಂದು ಬಂದು, "ಅಮ್ಮಾ, ಒಸಿ ನೀರು ಕೊಡ್ತೀರಾ?" ಅಂದಳು.

ಮಂಗಳಮ್ಮ ಮೊರದಿಂದ ತಲೆಯೆತ್ತಲಿಲ್ಲ. "ಅಲ್ಲೇ ಪಂಚಾಯ್ತಿದು ಐತೆ ನೋಡಮ್ಮ" ಅಂದುಬಿಟ್ಟಳು.

ಹೆಂಗಸು ಹೋಗಿ ನಲ್ಲಿ ತಿರುಗಿಸಿದಳು, ಒಣನಲ್ಲಿ. ಅಷ್ಟರಲ್ಲಿ ಬಸ್ಸು ಬಂತು. ತನ್ನ ಬಾಯಿಂದ ಬಂದ ಮಾತು ಆಗ ಮಂಗಳಮ್ಮನ ಕಿವಿಗೆ ಬಿತ್ತು. ಚೊಂಬು ತುಂಬಿಕೊಂಡು, ಮಂಡಿನೋವು ಮರೆತು ಓಡಿದಳು. ಬಸ್ಸು ಹೊರಟೇಹೋಯಿತು. ನಡುರಸ್ತೆಯಲ್ಲಿ ಚೊಂಬು ಹಿಡಿದು ಗಳಗಳನೆ ಅತ್ತಳು. ಬಾಯಾರಿದವಳನ್ನು ಬಾಗಿಲಿಂದ ಕಳಿಸಿದ್ದು ಆ ಮನೆಯಲ್ಲಿ ಅದೇ ಮೊದಲು.

ಮಾರನೇ ದಿನ ಪಂಚಾಯ್ತಿಗೆ ಹೋದಳು. ಗೋಡೆಯ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಬರೆದಿತ್ತು. ಸರಿ, ದೇವರು ಬರುವವರೆಗೆ ಕಾಯಬೇಕಷ್ಟೇ! ಪಿಡಿಒ ಅಂಜನಮೂರ್ತಿ ಒಳ್ಳೆಯ ಹುಡುಗ, ಎದ್ದು ಕುರ್ಚಿ ಕೊಟ್ಟ.

"ನಾಳೆಯಿಂದ ಸ್ಟಾಪಲ್ಲಿ ಮಜ್ಜಿಗೆ ಇಡ್ತೀನಿ ಕಣಪ್ಪ."

"ಹಂಗೆಲ್ಲ ಇಡಂಗಿಲ್ಲ ಮಂಗಳಮ್ಮೋರೆ. ಅರ್ಜಿ ಕೊಡಿ, ಪರ್ಮಿಷನ್‌ಗೆ ಮೀಟಿಂಗಲ್ಲಿ ಇಡೋಣ."

"ಪರ್ಮಿಷನ್ ಕೇಳಕ್ಕೆ ಬಂದಿಲ್ಲಪ್ಪ, ಹೇಳಕ್ಕೆ ಬಂದೆ. ಮೋಟಾರ್ ನಿಮ್ದು, ರಿಪೇರಿ ಮಾಡಿಸ್ರಿ. ನನ್ ಮಜ್ಜಿಗೆ ಕೆಟ್ಟಿದ್ರೆ ಕೇಸ್ ಹಾಕ್ರಿ, ಬಂದು ನಿಂತ್ಕತೀನಿ."

ಅಂಜನಮೂರ್ತಿ ಫೈಲು ತೆಗೆದು ಹಳೇ ಅರ್ಜಿ ಮುಂದಿಟ್ಟ. "ಇದು ನಿಮ್ದೇ ಸೈನು ಅಲ್ವಾ? ನೀವೇ ಬರ್ಕೊಟ್ಟಿದ್ದೀರಿ."

ಮಂಗಳಮ್ಮ ತನ್ನ ದುಂಡಗಿನ ಅಕ್ಷರಗಳನ್ನು ನೋಡಿದಳು.

"ಹೌದು, ನಾನೇ. ಜಾಗ ಬರ್ಕೊಟ್ಟೆ ಕಣಪ್ಪ, ಕೈ ಬರ್ಕೊಡ್ಲಿಲ್ಲ" ಅಂದು ಎದ್ದು ಬಂದಳು.

ಮಾರನೇ ದಿನ ಹನ್ನೊಂದೂವರೆಯ ಬಸ್ಸು ನಿಂತಾಗ ಶೆಡ್ಡಿನ ಪಕ್ಕ ಬಿಸಿಲಲ್ಲಿ ಸೆರಗು ಹೊದ್ದು, ಮಜ್ಜಿಗೆಯ ಕೊಡಪಾನ ಇಟ್ಟುಕೊಂಡು ಒಬ್ಬಳೇ ನಿಂತಿದ್ದಳು. ಎದುರಿನ ಆಫೀಸಿನ ಕಿಟಕಿಯಲ್ಲಿ ಅಂಜನಮೂರ್ತಿ ನೋಟೀಸು ಪುಸ್ತಕ ಹಿಡಿದು ನೋಡುತ್ತಿದ್ದ. ಯಾರೂ ಇಳಿಯಲಿಲ್ಲ. ಕಂಡಕ್ಟರ್ ಬಾಗಿಲಿಂದ ಬಗ್ಗಿ, "ಏನಜ್ಜೀ, ಪಂಚಾಯ್ತಿದಾ?" ಅಂದ.

"ಅಲ್ಲ ಕಣಪ್ಪ, ನಂದು" ಅಂದಳು ಮಂಗಳಮ್ಮ.

ಅರ್ಧ ಬಸ್ಸು ಇಳಿಯಿತು.