ಗುಂಡಿಯಮ್ಮ ಸ್ವಿಚ್ಚಿಗೆ ಹೊಲಿದ ಅಂಗಿ

ನಿಮ್ಮ ಮನೆಯ ಫೋನೂ ಹೀಗೇ ಇರಬಹುದು. ಗಂಟೆಯೇನೋ ಜೋರಾಗಿ ಹೊಡೆದುಕೊಳ್ಳುತ್ತದೆ. ಓಡಿ ಬಂದು ರಿಸೀವರ್ ಎತ್ತಿದರೆ ಒಳಗಿನಿಂದ ಬರೀ ಕರಕರ ಸದ್ದು. ನೀವು ಇಲ್ಲಿಂದ ಹಲೋ ಹಲೋ, ಅವರು ಅಲ್ಲಿಂದ ಹಲೋ ಹಲೋ. ಮಾತು ಅಲ್ಲಿಂದ ಮುಂದಕ್ಕೆ ಹೋಗುವುದೇ ಇಲ್ಲ.

ಗುಂಡಿಯಮ್ಮನ ಮನೆಯ ಫೋನಿಗೂ ಇದೇ ಕಾಯಿಲೆ. ಗುಂಡಿಯಮ್ಮ ಎಂದರೆ ಬೀದಿಯ ಕೊನೆಯ ಮನೆಯ ಟೈಲರಮ್ಮ. ಮಕ್ಕಳು ಆಟದ ಭರದಲ್ಲಿ ಅಂಗಿಯ ಗುಂಡಿ ಕಿತ್ತುಕೊಂಡರೆ, ಅಮ್ಮನಿಗೆ ಮುಖ ತೋರಿಸುವ ಮೊದಲು ಇವರ ಹೊಲಿಗೆ ಕೋಣೆಗೆ ಓಡುತ್ತಾರೆ. ಹೆಸರು ಬಂದದ್ದು ಹಾಗೆ. ಅವರ ಕೈಗೆ ಇನ್ನೊಂದು ಅಭ್ಯಾಸವಿದೆ, ಅದೂ ಬೀದಿಗೆಲ್ಲ ಗೊತ್ತು. ಕೋಣೆಯಿಂದ ಹೊರಡುವಾಗ ಬಾಗಿಲ ಪಕ್ಕದ ಬೋರ್ಡಿನ ಮೇಲೆ ಅಂಗೈ ಹಾಯಿಸಿ, ಇರುವ ಸ್ವಿಚ್ಚನ್ನೆಲ್ಲ ಟಕಟಕನೆ ಆರಿಸಿಬಿಡುತ್ತಾರೆ. ಹಿಂದೊಮ್ಮೆ ಇಸ್ತ್ರಿ ಪೆಟ್ಟಿಗೆ ಆರಿಸಲು ಮರೆತು ಹೊರಗೆ ಹೋಗಿದ್ದಾಗ ಯಾರದೋ ಹೊಸ ಕೋಟು ಸುಟ್ಟು ಕರಕಲಾಗಿತ್ತು. ಆಮೇಲೆ ಆ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಒಂದು ಗಳಿಗೆಯೂ ಸುಮ್ಮನೆ ಕಾದದ್ದಿಲ್ಲ. ಮೆಚ್ಚಬೇಕಾದ ಅಭ್ಯಾಸವೇ. ಈ ಕಥೆಯಲ್ಲಿ ಎಡವಟ್ಟು ಮಾಡಿದ್ದೂ ಅದೇ.

"ಅತ್ತೆ, ಹಳೇ ತಂತಿ ಸವೆದು ಹೋಗಿದೆ," ಎಂದಳು ಸೊಸೆ. ಅವಳು ವಾರದ ಅರ್ಧದಷ್ಟು ದಿನ ಮನೆಯಿಂದಲೇ ಕಚೇರಿ ಕೆಲಸ ಮಾಡುವವಳು. "ಹೊಸ ಬ್ರಾಡ್‌ಬ್ಯಾಂಡ್ ಹಾಕಿಸೋಣ. ಅದರಲ್ಲೇ ಫೋನೂ ಬರುತ್ತೆ. ಮಾತು ಸ್ಪಷ್ಟವಾಗಿ ಕೇಳುತ್ತೆ."

"ನಿನ್ನ ಕಂಪ್ಯೂಟರಿಗೆ ಏನು ಬೇಕಾದ್ರೂ ಹಾಕಿಸ್ಕೋಮ್ಮ. ನನ್ನ ಫೋನಿನ ತಂಟೆಗೆ ಮಾತ್ರ ಬರಬೇಡ."

ಗುಂಡಿಯಮ್ಮನದು ಬರೀ ಹಟವಲ್ಲ. ಅವರಿಗೆ ಇರುವುದು ಒಬ್ಬರೇ ಅಕ್ಕ. ದೂರದ ಊರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಈಚೆಗೆ ಅಕ್ಕನಿಗೆ ಮರೆವು ಶುರುವಾಗಿದೆ. ಊಟ ಮಾಡಿದ್ದು ಮರೆಯುತ್ತಾರೆ, ಒಮ್ಮೊಮ್ಮೆ ಮಗನನ್ನೇ "ನೀವ್ಯಾರು" ಎಂದು ಕೇಳುತ್ತಾರೆ. ಆದರೆ ಸಂಜೆ ಬಿಸಿಲು ಇಳಿಯಿತೆಂದರೆ ತಾವಾಗಿಯೇ ಫೋನಿನ ಹತ್ತಿರ ಹೋಗಿ ಕೂತು, ತಂಗಿಯ ನಂಬರನ್ನು ಒಂದೂ ತಪ್ಪಿಲ್ಲದೆ ಒತ್ತುತ್ತಾರೆ. ತಲೆಯಿಂದ ಹೋದದ್ದು ಬೆರಳಲ್ಲಿ ಉಳಿದಿದೆ. ಕರೆ ಸಿಕ್ಕರೆ ದಿನವೂ ಒಂದೇ ಪ್ರಶ್ನೆ: "ಏನು ಹೊಲೀತಿದ್ದೀಯೇ?"

"ಆ ನಂಬರ್ ಹೋದ್ರೆ ನನ್ನಕ್ಕ ನನಗೆ ಇದ್ದೂ ಇಲ್ಲದ ಹಾಗೆ," ಎಂದರು ಗುಂಡಿಯಮ್ಮ. ಅವರ ಕಣ್ಣು ತುಂಬಿತು. "ಹೊಸ ನಂಬರ್ ಅವಳಿಗೆ ಯಾರು ಕಲಿಸ್ತಾರೆ, ಹೇಳು?"

ಎದುರುಮನೆಯ ಗಡಿಯಾರದ ಅಂಗಡಿಯವರು ಈ ಭಯಕ್ಕೆ ಚೆನ್ನಾಗಿ ಗಾಳಿ ಹಾಕಿದರು. "ಬೇಡಿ ಅಮ್ಮಾ. ನಾನು ಹೊಸದು ಹಾಕಿಸ್ದೆ, ಹಳೇ ನಂಬರ್ ಹೋಯ್ತು. ಈಗ್ಲೂ ನನ್ನ ಗಿರಾಕಿಗಳು ಯಾರ‍್ಯಾರಿಗೋ ಫೋನ್ ಮಾಡಿ ಗಡಿಯಾರ ರೆಡಿನಾ ಅಂತ ಕೇಳ್ತಿದ್ದಾರೆ!"

ಸೊಸೆ ಆ ವಿಷಯವನ್ನು ಅಲ್ಲಿಗೇ ಕೈಬಿಟ್ಟಳು. ಆದರೆ ಅದೇ ವಾರ ಒಂದು ಸಂಜೆ ಕರಕರದ ನಡುವೆ ಅಕ್ಕನ ದನಿ ತುಂಡುತುಂಡಾಗಿ ಕೇಳಿಸಿತು: "ಯಾಕೆ... ಮಾತಾಡಲ್ಲ... ನನ್ನ ಮೇಲೆ ಕೋಪಾನಾ?" ಗುಂಡಿಯಮ್ಮ ಗಂಟಲು ಹರಿಯುವ ಹಾಗೆ ಕೂಗಿ ಹೇಳಿದರೂ ಆ ಕಡೆಗೆ ಮುಟ್ಟಲಿಲ್ಲ. ರಿಸೀವರ್ ಇಟ್ಟರು. ಆಮೇಲೆ ತಾವೇ ಸೊಸೆಯನ್ನು ಕರೆದರು. "ಆ ಬ್ರಾಡ್‌ಬ್ಯಾಂಡಿನವರನ್ನ ಬರೋಕೆ ಹೇಳು. ಮೊದಲು ಮಾತು, ಆಮೇಲೆ ಕೆಲಸ."

ಬಂದವಳು ಏಣಿಯಕ್ಕ. ಸ್ಕೂಟರಿಗೆ ಮಡಚುವ ಏಣಿ ಕಟ್ಟಿಕೊಂಡು ಬೀದಿ ಬೀದಿ ಸುತ್ತಿ ಕನೆಕ್ಷನ್ ಕೊಡುವ ಅವಳನ್ನು ಸುತ್ತಮುತ್ತಲಿನವರೆಲ್ಲ ಕರೆಯುವುದೇ ಹಾಗೆ. ಅವಳು ಚೀಲ ಬಿಚ್ಚುವ ಮೊದಲು ಕುರ್ಚಿ ಎಳೆದುಕೊಂಡು ಕೂತು ಕೇಳಿದಳು: "ಅಮ್ಮಾ, ಈ ಫೋನಿಗೆ ಯಾರು ಯಾರು ಕರೆ ಮಾಡ್ತಾರೆ?"

ಆ ಒಂದು ಪ್ರಶ್ನೆಗೆ ಗುಂಡಿಯಮ್ಮನ ಅರ್ಧ ಅಳುಕು ಇಳಿಯಿತು. ಅಕ್ಕನ ಕಥೆಯನ್ನೂ ಗಡಿಯಾರದವರ ನಂಬರ್ ಹೋದದ್ದನ್ನೂ ಹೇಳಿದರು. ಏಣಿಯಕ್ಕ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದಳು.

"ನಂಬರ್ ನಿಮ್ಮದೇ ಉಳಿಯುತ್ತೆ ಅಮ್ಮಾ. ಹಳೇ ನಂಬರನ್ನೇ ಹೊಸ ಕನೆಕ್ಷನ್ನಿಗೆ ತಂದ್ಕೋಬಹುದು. ಒಂದೇ ಒಂದು ಮಾತು. ಹೊಸದರಲ್ಲಿ ಗಂಟೆ ಹೊಡೆಯೋವರೆಗೂ ಹಳೇದನ್ನ ಕ್ಯಾನ್ಸಲ್ ಮಾಡಬೇಡಿ. ಗಡಿಯಾರದವರು ಆತುರಕ್ಕೆ ಬಿದ್ದು ಮೊದಲು ಹಳೇದನ್ನ ನಿಲ್ಲಿಸಿಬಿಟ್ರು. ನಿಂತ ಮೇಲೆ ತರೋಕೆ ಅಲ್ಲಿ ನಂಬರೇ ಇರಲಿಲ್ಲ."

"ಈ ಫೋನೂ ಬದಲಾಯಿಸ್ಬೇಕಾ?"

"ಯಾಕೆ? ಇದೇ ಇರಲಿ. ಇದರ ವೈರನ್ನ ಗೋಡೆಯಿಂದ ಕಿತ್ತು ರೂಟರ್ ಅನ್ನೋ ಹೊಸ ಡಬ್ಬಿಯ ಹಿಂದೆ ಚುಚ್ತೀನಿ, ಅಷ್ಟೇ."

"ಕರೆಂಟ್ ಹೋದ್ರೆ?"

"ಒಳ್ಳೇ ಪ್ರಶ್ನೆ. ಕರೆಂಟ್ ಹೋದ್ರೆ ಇದೂ ಹೋಗುತ್ತೆ. ಹಳೇ ಫೋನಿಗೆ ಬೇಕಾದ ಕರೆಂಟು ಅದರ ತಂತೀಲೇ ಬರ್ತಿತ್ತು. ಇದಕ್ಕೆ ನಿಮ್ಮನೆ ಕರೆಂಟೇ ಬೇಕು. ಅದಕ್ಕೆ ಅಂತಾನೇ ಪುಟ್ಟದೊಂದು ಬ್ಯಾಟರಿ ಪೆಟ್ಟಿಗೆ ಬರುತ್ತೆ, ಕೆಲವು ಗಂಟೆ ತಡೆಯುತ್ತೆ. ಇವತ್ತು ನನ್ನ ಹತ್ತಿರ ಇಲ್ಲ, ವಾರದೊಳಗೆ ತಂದು ಕೊಡ್ತೀನಿ. ಅಲ್ಲೀವರೆಗೂ ರೂಟರಿನ ಸ್ವಿಚ್ ಆರಿಸಬೇಡಿ. ಅದು ಆರಿದ್ರೆ ಫೋನೂ ಆರಿದ ಹಾಗೆ."

ಇಷ್ಟು ನೇರವಾಗಿ ಮಾತಾಡುವವರನ್ನು ಗುಂಡಿಯಮ್ಮ ಬಹಳ ದಿನಗಳಿಂದ ನೋಡಿರಲಿಲ್ಲ. ಮಾರಲು ಬಂದವರು ಒಳ್ಳೆಯದನ್ನು ಮಾತ್ರ ಹೇಳುತ್ತಾರೆ, ಇವಳು ಕೊರತೆಯನ್ನೂ ತಾನೇ ಬಾಯಿಬಿಟ್ಟು ಹೇಳಿದಳು. "ಹಾಕಮ್ಮಾ," ಎಂದರು. "ಆದರೆ ಫೋನು ನನ್ನ ಮಿಷಿನ್ ಪಕ್ಕದಲ್ಲೇ ಇರಬೇಕು. ಮಿಷಿನ್ ಸದ್ದಲ್ಲಿ ಬೇರೆ ಕೋಣೆಯ ಗಂಟೆ ನನಗೆ ಕೇಳಲ್ಲ."

ಹಾಗಾಗಿ ರೂಟರ್ ಹೊಲಿಗೆ ಕೋಣೆಯಲ್ಲೇ ಕೂತಿತು. ಅಲ್ಲಿ ಇದ್ದದ್ದು ಒಂದೇ ಬೋರ್ಡು. ಇಸ್ತ್ರಿ ಪೆಟ್ಟಿಗೆಯ ಪಕ್ಕದ ಪ್ಲಗ್ಗಿಗೇ ಅದರ ವೈರು ಹೋಯಿತು. ಏಣಿಯಕ್ಕ ಡಬ್ಬಿಯ ಮೇಲಿದ್ದ ಪಾಸ್‌ವರ್ಡನ್ನು ಬದಲಾಯಿಸಿಕೊಟ್ಟಳು. ಎರಡು ದಿನ ಬಿಟ್ಟು ನಂಬರ್ ಹೊಸದಕ್ಕೆ ಬಂದಾಗ ಮತ್ತೆ ಬಂದು, ಫೋನಿನ ವೈರನ್ನು ರೂಟರಿಗೆ ಚುಚ್ಚಿ, ತನ್ನ ಮೊಬೈಲಿನಿಂದ ಕರೆ ಮಾಡಿ ನೋಡಿದಳು. ಹಳೆಯ ಫೋನು ಎಂದಿನ ಗಂಟಲಲ್ಲೇ ಕೂಗಿತು. ಆಮೇಲಷ್ಟೇ ಸೊಸೆ ಹಳೆಯ ಲೈನು ಸಾಕೆಂದು ಕಂಪನಿಗೆ ತಿಳಿಸಿದಳು.

ಗುಂಡಿಯಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ, ಏಣಿಯಕ್ಕ ಅತ್ತ ಹೋದದ್ದೇ ಇತ್ತ ಉಳಿದ ಬಟ್ಟೆಯಲ್ಲಿ ರೂಟರಿಗೊಂದು ಹೊದಿಕೆ ಹೊಲಿದರು. ಸುತ್ತಲೂ ನೆರಿಗೆ, ಮುಂದುಗಡೆ ಎರಡು ಗುಂಡಿ. ಧೂಳು ಕೂರಬಾರದು ನೋಡಿ! ಹೊದಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ತಮಗೆ ತಾವೇ ತಲೆದೂಗಿದರು. ಆಮೇಲೆ ಹೊಲಿದಿಟ್ಟ ಶಾಲೆಯ ಅಂಗಿಗಳನ್ನು ಕೊಟ್ಟುಬರಲು ಹೊರಟರು.

ಸಂಜೆಗೆ ಮೊದಲೇ ಬಂದು ಫೋನಿನ ಮುಂದೆ ಕೂತರು. ಇವತ್ತು ಅಕ್ಕನ ದನಿ ಸ್ಪಷ್ಟವಾಗಿ ಕೇಳುತ್ತದೆ. ಬಿಸಿಲು ಇಳಿಯಿತು. ಗಂಟೆ ಹೊಡೆಯಲಿಲ್ಲ. ಎದುರಂಗಡಿಯ ಗಡಿಯಾರಗಳು ಒಂದಾದ ಮೇಲೊಂದು ಬಾರಿಸಿ ಸುಮ್ಮನಾದವು. ಇವರ ಫೋನು ಮಾತ್ರ ತುಟಿ ಬಿಚ್ಚಲಿಲ್ಲ. ರಿಸೀವರ್ ಎತ್ತಿ ಕಿವಿಗಿಟ್ಟರು. ಕರಕರವೂ ಇಲ್ಲ, ಏನೂ ಇಲ್ಲ.

ಸೊಸೆ ಕಚೇರಿಯಿಂದ ಬಂದಾಗ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. "ಬೇಡ ಬೇಡ ಅಂದೆ. ಎಲ್ಲರೂ ಸೇರಿ ನನ್ನಕ್ಕನ್ನ ಕಳೆದ್ರಿ."

ಸೊಸೆ ತನ್ನ ಮೊಬೈಲಿನಿಂದ ಅಕ್ಕನ ಮಗನಿಗೆ ಫೋನ್ ಮಾಡಿದಳು. "ಅಮ್ಮ ಆಗಿನಿಂದ ಒತ್ತುತ್ತಾನೇ ಇದ್ದಾರೆ," ಎಂದ ಅವನು. "ನನ್ನ ಮೊಬೈಲ್ ಕೊಟ್ರೆ ಮುಟ್ಟಲ್ಲ. ಇದೇ ಫೋನಲ್ಲಿ ಬರ್ತಾಳೆ ನನ್ನ ತಂಗಿ ಅಂತಾರೆ. ಎಬ್ಬಿಸಿದ್ರೂ ಏಳ್ತಿಲ್ಲ."

ಸೊಸೆ ಕೂಡಲೇ ಏಣಿಯಕ್ಕನಿಗೆ ಕರೆ ಮಾಡಿದಳು.

"ಗಾಬರಿಯಾಗಬೇಡಿ," ಎಂದಳು ಅವಳು. "ರೂಟರಿನಲ್ಲಿ ದೀಪ ಉರೀತಿದ್ಯಾ ನೋಡಿ."

ಉರಿಯುತ್ತಿದೆಯೋ ಇಲ್ಲವೋ ಯಾರಿಗೆ ಗೊತ್ತು? ಅದರ ಮೇಲೆ ನೆರಿಗೆಯ ಅಂಗಿ ಇತ್ತು. ಸೊಸೆ ಎರಡು ಗುಂಡಿ ಬಿಚ್ಚಿ ಹೊದಿಕೆ ಎತ್ತಿದಳು. ಒಂದು ದೀಪವೂ ಇಲ್ಲ. ಇಬ್ಬರ ಕಣ್ಣೂ ವೈರಿನ ಗುಂಟ ಸಾಗಿ ಬೋರ್ಡಿಗೆ ಬಂದವು. ಎಲ್ಲ ಸ್ವಿಚ್ಚೂ ಆರಿದ್ದವು, ಸಾಲಾಗಿ, ಅಚ್ಚುಕಟ್ಟಾಗಿ.

ಗುಂಡಿಯಮ್ಮ ನಿಧಾನವಾಗಿ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಶಾಲೆಯ ಅಂಗಿ ಕೊಡಲು ಹೊರಟಾಗ ಈ ಕೈ ತನ್ನ ಪಾಡಿಗೆ ತಾನು ಬೋರ್ಡಿನ ಮೇಲೆ ಹಾದುಹೋಗಿತ್ತು. ಏಣಿಯಕ್ಕ ಎಚ್ಚರಿಕೆ ಹೇಳಿದ್ದು ಕಿವಿಗೆ. ಕೈಗೆ ಯಾರೂ ಹೇಳಿರಲಿಲ್ಲ.

"ನಾನೇ ಕಣೇ," ಎಂದರು ಸಣ್ಣ ದನಿಯಲ್ಲಿ.

ಸೊಸೆ ನಗಲಿಲ್ಲ, ಬೈಯಲೂ ಇಲ್ಲ. ಸ್ವಿಚ್ ಒತ್ತಿ, ಹೊದಿಕೆಯ ಕಥೆಯನ್ನೂ ಸ್ವಿಚ್ಚಿನ ಕಥೆಯನ್ನೂ ಏಣಿಯಕ್ಕನಿಗೆ ಹೇಳಿ, ಅತ್ತೆಗೂ ಕೇಳುವಂತೆ ಸ್ಪೀಕರ್ ಹಾಕಿದಳು. ಮೊಬೈಲಿನಲ್ಲಿ ಏಣಿಯಕ್ಕ ಹೇಳುತ್ತಿದ್ದಳು: "ಸ್ವಲ್ಪ ಹೊತ್ತು ತಡೀರಿ, ದೀಪಗಳು ಒಂದೊಂದಾಗಿ ಬರಬೇಕು. ಆ ಬೋರ್ಡಿಗೆ ಕೊಟ್ಟಿದ್ದು ನನ್ನದೂ ತಪ್ಪು, ಇಸ್ತ್ರಿ ಪೆಟ್ಟಿಗೆ ನೋಡಿದಾಗಲೇ ಹೊಳೀಬೇಕಿತ್ತು. ಆ ಹೊದಿಕೆ ಮಾತ್ರ ಬೇಡ ಅಮ್ಮಾ, ಎಷ್ಟೇ ಚೆನ್ನಾಗಿರಲಿ. ಒಳಗೆ ಬಿಸಿ ಏರುತ್ತೆ, ದೀಪಾನೂ ಕಾಣಲ್ಲ. ಅದು ಬಯಲಲ್ಲೇ ಇರಲಿ."

ಮೊದಲ ದೀಪ ಹತ್ತಿತು. ಇನ್ನೊಂದು ಮಿಣುಕಿ, ನಿಂತು, ಮತ್ತೆ ಮಿಣುಕಿತು. ಗುಂಡಿಯಮ್ಮ ಸೂಜಿಗೆ ದಾರ ಪೋಣಿಸುವಾಗಿನ ಹಾಗೆ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಫೋನಿನ ಗುರುತಿದ್ದ ಕೊನೆಯ ದೀಪ ಹಸಿರಾದದ್ದೇ ತಡ, ಗಂಟೆ ಹೊಡೆಯಿತು.

ರಿಸೀವರ್ ಎತ್ತಿದರು. ಕರಕರ ಇಲ್ಲ. ಆ ಮನೆಯ ಫ್ಯಾನು ತಿರುಗುವುದೂ ಕೇಳಿಸುವಷ್ಟು ಸ್ಪಷ್ಟ. ಅಕ್ಕನ ಉಸಿರು ಕಿವಿಯ ಹತ್ತಿರವೇ ಇತ್ತು.

"ಅಕ್ಕಾ..."

ಅಕ್ಕ ಆಶ್ಚರ್ಯದಿಂದ ಕೇಳಿದರು: "ಬಂದ್ಯೇನೇ? ಯಾವಾಗ ಬಂದೆ? ಬಾಗಿಲ ಆಚೆ ನಿಂತ್ಕೊಂಡು ಮಾತಾಡ್ತೀಯಲ್ಲ, ಒಳಗೆ ಬಾರೇ!"

ಗುಂಡಿಯಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಬಂದೆ ಅಕ್ಕಾ, ಇಲ್ಲೇ ಇದ್ದೀನಿ."

"ಏನು ಹೊಲೀತಿದ್ದೀಯೇ?"

ಗುಂಡಿಯಮ್ಮ ಮಡಿಲಲ್ಲಿ ಬಿದ್ದಿದ್ದ ನೆರಿಗೆಯ ಹೊದಿಕೆ ನೋಡಿದರು, ಬೋರ್ಡಿನ ಕಡೆ ನೋಡಿದರು. "ಸ್ವಿಚ್ಚಿಗೊಂದು ಅಂಗಿ ಅಕ್ಕಾ," ಎಂದರು.

"ಅಳತೆ ಸರಿಯಾಗಿ ತಗೋ," ಎಂದರು ಅಕ್ಕ, ಅದರಲ್ಲೇನೂ ವಿಶೇಷವಿಲ್ಲವೆಂಬಂತೆ.

ಮಾರನೆಯ ದಿನ ಬ್ಯಾಟರಿ ಪೆಟ್ಟಿಗೆ ತಂದ ಏಣಿಯಕ್ಕ ಬೋರ್ಡಿನ ಮುಂದೆ ನಿಂತೇಬಿಟ್ಟಳು. ರೂಟರಿನ ಹೊದಿಕೆಯನ್ನು ಕತ್ತರಿಸಿ, ಅದರಲ್ಲಿ ಬೆರಳುದ್ದದ ಚೀಲ ಹೊಲಿದು, ಆ ಒಂದು ಸ್ವಿಚ್ಚಿನ ಮೇಲೆ ಅಂಟಿಸಲಾಗಿತ್ತು. ಮೇಲೊಂದು ದೊಡ್ಡ ಕೋಟಿನ ಗುಂಡಿ. "ಕಣ್ಣು ನೋಡದೇ ಹೋದ್ರೂ ಕೈಗೆ ತಗಲುತ್ತಲ್ಲ," ಎಂದರು ಗುಂಡಿಯಮ್ಮ. ಏಣಿಯಕ್ಕ ಮೊಬೈಲ್ ತೆಗೆದು ಅದರ ಚಿತ್ರ ಹಿಡಿದುಕೊಂಡಳು. "ಇಷ್ಟು ವರ್ಷದಲ್ಲಿ ಇದು ನನಗೆ ಹೊಳೀಲಿಲ್ಲ ಅಮ್ಮಾ. ಇನ್ಮೇಲೆ ಹೋದ ಮನೇಲೆಲ್ಲ ತೋರಿಸ್ತೀನಿ."

ಈಗ ನಿಮ್ಮ ಸರದಿ. ಹಳೆಯ ಫೋನು ಕರಕರ ಎನ್ನುತ್ತಿದ್ದರೆ ಹೊಸದಕ್ಕೆ ಹೆದರಬೇಡಿ, ಆತುರವನ್ನೂ ಪಡಬೇಡಿ. ಹಳೆಯ ನಂಬರ್ ಬೇಕೆಂದು ಮೊದಲೇ ಕೇಳಿ. ಹೊಸದರಲ್ಲಿ ಗಂಟೆ ಹೊಡೆದ ಮೇಲೆಯೇ ಹಳೆಯದನ್ನು ಬಿಡಿ. ರೂಟರನ್ನು ಬೀರುವಿನೊಳಗೆ ಬಚ್ಚಿಡಬೇಡಿ, ಬಟ್ಟೆ ಹೊದಿಸಬೇಡಿ, ಪಾಸ್‌ವರ್ಡ್ ಬದಲಾಯಿಸಿ. ಕಂಪನಿಯವರೆಂದು ಯಾರಾದರೂ ಫೋನಿನಲ್ಲಿ ಓಟಿಪಿ ಕೇಳಿದರೆ ಕೊಡಬೇಡಿ. ಕರೆಂಟು ಹೋಗುವ ಬೀದಿಯಾದರೆ ಬ್ಯಾಟರಿ ಪೆಟ್ಟಿಗೆ ಇರಲಿ, ಚಾರ್ಜ್ ಆದ ಒಂದು ಮೊಬೈಲೂ ಕೈಗೆ ಸಿಗುವ ಹಾಗಿರಲಿ. ಇವತ್ತೇ ಎದ್ದು ಹೋಗಿ ನಿಮ್ಮ ರೂಟರಿನ ಸ್ವಿಚ್ ಯಾವುದೆಂದು ಹುಡುಕಿ, ಮನೆಯವರಿಗೆಲ್ಲ ತೋರಿಸಿ, ಅದರ ಮೇಲೊಂದು ಗುರುತು ಹಾಕಿ. ನಿಮ್ಮ ನಂಬರೊಂದನ್ನೇ ನೆನಪಿಟ್ಟುಕೊಂಡವರು ಯಾರೋ ದೂರದಲ್ಲಿ ಅದನ್ನು ಒತ್ತುತ್ತಿರಬಹುದು.