ಅಂಚಿನ ವೈರು

"ಹಲ್ಲಲ್ಲಿ ಕಚ್ಬೇಡಿ ಅಂದ್ರೆ ಕೇಳ್ತೀರಾ? ಹೊಸ್ದಾಗಿ ಕಟ್ಸಿದ ಹಲ್ಲು ಕಣ್ರೀ!"

ಅಂತೋಣಿಸ್ವಾಮಿ ಸ್ಪೀಕರ್ ವೈರನ್ನು ಬಾಯಿಂದ ತೆಗೆದರು. ಪ್ಲಾಸ್ಟಿಕ್ಕಿನ ಜೊತೆ ಅರ್ಧ ತಾಮ್ರವೂ ಕಿತ್ತುಬಂದಿತ್ತು. ಹೆಂಡತಿ ಲೂರ್ದಮ್ಮ ಅದನ್ನು ಕಸಿದುಕೊಂಡು, ಜಪಸರ ಕಟ್ಟುವ ತನ್ನ ಪುಟ್ಟ ಇಕ್ಕಳದಲ್ಲಿ ಸಿಪ್ಪೆಯನ್ನಷ್ಟೇ ಸುಲಿದು, ಒಂದೆಳೆಯೂ ಆಚೆ ಚಾಚದ ಹಾಗೆ ಹೊಸೆದು ಕೊಟ್ಟಳು.

"ನನ್ನ ಹಾಡು ಕೇಳ್ಸೋಕೆ ನನ್ ಕೈಲೇ ಚಾಕ್ರಿ!"

ಮದುವೆಗೆ ಮುಂಚೆ ಅವಳು ಚರ್ಚಿನ ಗಾಯನ ತಂಡದಲ್ಲಿದ್ದಳು. ಆಗಿನ ಕ್ಯಾಸೆಟ್ಟೊಂದರಲ್ಲಿ ಒಂದು ಚರಣ ಅವಳದೇ. ಮಗಳು ಜಾನ್ಸಿ ಅದನ್ನು ಪೆನ್ ಡ್ರೈವಿಗೆ ಹಾಕಿಸಿ ತಂದಿದ್ದಳು. ಮೊಬೈಲಲ್ಲಿ ಬೇಡ, ದೊಡ್ಡ ಪೆಟ್ಟಿಗೆಗಳಲ್ಲೇ ಕೇಳಬೇಕು ಅಂತ ಅಂತೋಣಿಸ್ವಾಮಿಯ ಹಟ. ಆ ದನಿ ಕೇಳಿಯೇ ಅಲ್ಲವೇ ಅವರು ಹೆಣ್ಣು ಕೇಳಲು ಹೋಗಿದ್ದು!

ಪೆಟ್ಟಿಗೆಗಳಿಗೆ ಅವರೇ ಬಣ್ಣ ಬಳಿದು, ಯಾವ ವೈರು ಯಾವ ತೂತಿಗೆ ಎಂದು ಹೇಳಲು ಹಿಂದಿದ್ದ ಕೆಂಪು-ಕಪ್ಪು ಗುರುತನ್ನೂ ಮುಚ್ಚಿಬಿಟ್ಟಿದ್ದರು. ಪರವಾಗಿಲ್ಲ. ಪ್ರತಿ ಪೆಟ್ಟಿಗೆಯ ಜೋಡಿ ವೈರಿನಲ್ಲಿ ಒಂದಕ್ಕೆ ಸೀರೆಯಂತೆ ಅಂಚಿತ್ತು. ಅಂಚಿದ್ದದ್ದು ಹೆಂಗಸರ ಕಡೆ, ಎಡದ ತೂತಿಗೆ. ಇನ್ನೊಂದು ಗಂಡಸರ ಕಡೆ, ಬಲದ ತೂತಿಗೆ. ಚರ್ಚಿನಲ್ಲಿ ಕೂರುವ ಹಾಗೆ. ಮೊದಲ ಪೆಟ್ಟಿಗೆಗೆ ಹಿಂದೆ ಕೂತು ಸಿಕ್ಕಿಸಿದರು. ಗೋಡೆಗೆ ಅಂಟಿಕೊಂಡಿದ್ದ ಎರಡನೆಯದಕ್ಕೆ ಮುಂದಿನಿಂದಲೇ ಬಗ್ಗಿ, ಹಿಂದಕ್ಕೆ ಕೈ ಇಳಿಬಿಟ್ಟು ಸಿಕ್ಕಿಸಿದರು.

ಹಾಡು ಶುರುವಾಯಿತು. ಹಾರ್ಮೋನಿಯಂ ಸೊರಗಿತ್ತು. ಲೂರ್ದಮ್ಮನ ಚರಣವಂತೂ ಪಕ್ಕದ ಮನೆಯಲ್ಲಿ ಯಾರೋ ಗುನುಗಿದ ಹಾಗಿತ್ತು.

"ನನ್ ದನಿ ಇದ್ದಿದ್ದೇ ಅಷ್ಟು ಬುಡಿ. ಹಿನಕಲ್ ಊರ್ಗೆಲ್ಲ ಡಂಗುರ ಸಾರಿದ್ದು ನೀವು," ಎಂದು ನಕ್ಕು ಅಡುಗೆಮನೆಗೆ ಹೋದವಳು ಈಚೆ ಬರಲಿಲ್ಲ. ಅಂತೋಣಿಸ್ವಾಮಿಗೆ ಆ ನಗು ಚುಚ್ಚಿತು.

"ಅಂಚಿರೋದು ಎರಡ್ರಲ್ಲೂ ಹೆಂಗಸ್ರ ಕಡೇನೇ ಹಾಕಿದ್ದೀನಲ್ಲೇ!" ಗೋಡೆಗೆ ಹೇಳಿದಂತೆ ಕೂಗಿದರು.

ಒಳಗೆ ಪಾತ್ರೆ ಸದ್ದು ನಿಂತಿತು. "ಯಾವ ಕಡೆಯಿಂದ ನೋಡ್ದಾಗ? ಚರ್ಚಿನ ಬಾಗ್ಲಿಂದ ಬರೋರ್ಗೆ ನಾವ್ ಹೆಂಗಸ್ರು ಎಡಕ್ಕೆ. ಪೀಠದಲ್ಲಿ ನಿಂತ ಫಾದರ್‌ಗೆ ಬಲಕ್ಕೆ ಕಣ್ರೀ!"

ಅಂತೋಣಿಸ್ವಾಮಿ ಪೆಟ್ಟಿಗೆ ನೋಡಿದರು, ಗೋಡೆ ನೋಡಿದರು. "ಅಯ್ಯೋ, ನಾನ್ ಫಾದರ್ ಆಗ್ಬುಟ್ಟಿದ್ದೆ ಕಣೇ!" ಎಂದು ಹಣೆ ಚಚ್ಚಿಕೊಂಡು ಮತ್ತೆ ಬಗ್ಗಿದರು. ಉಲ್ಟಾ ಸಿಕ್ಕಿ ಮೊದಲನೆಯದರ ದನಿಯನ್ನೂ ನುಂಗುತ್ತಿದ್ದ ಎರಡನೇ ಪೆಟ್ಟಿಗೆಯ ವೈರುಗಳನ್ನು ಅದಲುಬದಲು ಮಾಡಿದರು.

ಈ ಸಲ ಹಾರ್ಮೋನಿಯಂ ನೆಲದಿಂದೆದ್ದು ಬಂತು. ಚರಣ ಬಂದಾಗ ಆ ದನಿ ಎಡದ ಪೆಟ್ಟಿಗೆಯಲ್ಲೂ ಇರಲಿಲ್ಲ, ಬಲದ್ದರಲ್ಲೂ ಇರಲಿಲ್ಲ. ನಟ್ಟನಡುವೆ, ಖಾಲಿ ಗೋಡೆಯ ಮುಂದೆ, ಒಬ್ಬ ಹುಡುಗಿ ನಿಂತು ಹಾಡುತ್ತಿದ್ದಳು.

ಲೂರ್ದಮ್ಮ ಬಾಗಿಲಿಗೆ ಬಂದಳು. ಒದ್ದೆ ಕೈ ಒರೆಸಿಕೊಂಡು, ಚರ್ಚಿನೊಳಗೆ ಕಾಲಿಟ್ಟ ಹಾಗೆ, ಸೆರಗನ್ನು ಮೆಲ್ಲಗೆ ತಲೆಯ ಮೇಲೆ ಎಳೆದುಕೊಂಡಳು.